ಮನೆಯೇ ಮೊದಲು ಅನ್ನುವವರು ಮನೆಯಿಂದ ಹೊರಗೆ ಬಂದದ್ದು ಹೇಗೆ?

ಆರೆಸ್ಸೆಸ್‌ಗೆ 2025ರ ವಿಜಯದಶಮಿಗೆ ನೂರು ವರ್ಷ ತುಂಬಿತು. ಆ ನೆಪದಲ್ಲಿ ಹಳೆಯ ಪ್ರಶ್ನೆಯೊಂದು ಮತ್ತೆ ಎದ್ದಿತು: ಇಷ್ಟು ದೊಡ್ಡ ಸಂಘದಲ್ಲಿ ಹೆಂಗಸರು ಎಲ್ಲಿ? ಸಂಘದ ಶಾಖೆ ಇವತ್ತಿಗೂ ಗಂಡಸರದ್ದೇ. ಆದರೆ ಈ ಪ್ರಶ್ನೆಗೆ ಸಂಘ ಪರಿವಾರದ ಬಳಿ ಬಹಳ ಹಿಂದಿನ ಉತ್ತರ ಇದೆ. ಅದೇ ರಾಷ್ಟ್ರ ಸೇವಿಕಾ ಸಮಿತಿ. 2026ರ ವಿಜಯದಶಮಿಗೆ ಅದಕ್ಕೂ ತೊಂಬತ್ತು ತುಂಬುತ್ತದೆ.

ಬೆಂಗಳೂರಿನ ಪ್ರಗತಿಪರ ವಲಯದಲ್ಲಿ ಸಮಿತಿಯ ಮಾತು ಬಂದರೆ ಬೇಗ ಮುಗಿದುಹೋಗುತ್ತದೆ. ಗಂಡಸರು ಹೇಳಿದ್ದನ್ನ ಕೇಳುವ ಹೆಂಗಸರು, ಇನ್ನೇನು ಅಂತ. ನನಗೆ ಈ ಉತ್ತರ ಸಾಲದು. ಬರೀ ಬೇರೆಯವರ ಅಪ್ಪಣೆ ಮೇಲೆ ಒಂದು ಸಂಘಟನೆ ತೊಂಬತ್ತು ವರ್ಷ ಬಾಳಲ್ಲ. ಅಲ್ಲಿಗೆ ಹೋಗುವವರಿಗೆ ಏನೋ ಸಿಗುತ್ತಿರಬೇಕು, ಅಲ್ವಾ? ಅದೇನು, ಅದಕ್ಕೆ ಪ್ರತಿಯಾಗಿ ಅವರು ಬಿಟ್ಟುಕೊಡುವುದು ಏನು ಅಂತ ನೋಡಬೇಕು.

ಶುರುವಾದದ್ದು ವಾರ್ಧಾದಲ್ಲಿ. ಲಕ್ಷ್ಮೀಬಾಯಿ ಕೇಳ್ಕರ್ 1905ರಲ್ಲಿ ನಾಗಪುರದಲ್ಲಿ ಹುಟ್ಟಿದವರು. ವಾರ್ಧಾದ ವಕೀಲರೊಬ್ಬರ ಜೊತೆ ಮದುವೆಯಾಯಿತು. 1932ರಲ್ಲಿ ಗಂಡ ತೀರಿಕೊಂಡರು. ಆಗ ಆಕೆಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಕೈಯಲ್ಲಿ ಮಕ್ಕಳು, ನೋಡಿಕೊಳ್ಳಬೇಕಾದ ದೊಡ್ಡ ಮನೆ. ಆ ಕಾಲದ ಮೇಲ್ಜಾತಿ ಮನೆಯಲ್ಲಿ ವಿಧವೆಯ ಬದುಕು ಹೇಗಿರುತ್ತಿತ್ತು ಅಂತ ನಮ್ಮ ಅಜ್ಜಿಯಂದಿರನ್ನ ಕೇಳಿದವರಿಗೆ ಗೊತ್ತು. ಆದರೆ ಆಗಿನ ವಾರ್ಧಾ ಸುಮ್ನೆ ಕೂತಿದ್ದ ಊರಲ್ಲ. 1934ರಿಂದ ಗಾಂಧೀಜಿ ಅಲ್ಲೇ ನೆಲೆಸಿದ್ದರು. 1936ರಲ್ಲಿ ಪಕ್ಕದ ಸೇವಾಗ್ರಾಮಕ್ಕೆ ಹೋದರು. ಹೆಂಗಸರು ಪ್ರಭಾತಫೇರಿಗೆ ಹೋಗುತ್ತಿದ್ದರು, ನೂಲುತ್ತಿದ್ದರು, ಸಭೆಯಲ್ಲಿ ಕೂರುತ್ತಿದ್ದರು. ಆ ಗಾಳಿ ಕೇಳ್ಕರ್ ಅವರಿಗೂ ತಾಗಿತ್ತು.

ಅವರ ಗಂಡುಮಕ್ಕಳು ಸಂಘದ ಶಾಖೆಗೆ ಹೋಗುತ್ತಿದ್ದರು. ಮಕ್ಕಳಲ್ಲಿ ಬಂದ ಶಿಸ್ತು ಅವರಿಗೆ ಹಿಡಿಸಿತು. ಹೆಣ್ಣುಮಕ್ಕಳಿಗೂ ಇದು ಯಾಕೆ ಬೇಡ ಅಂತ ಅವರು ಸಂಘದ ಸ್ಥಾಪಕ ಡಾಕ್ಟರ್ ಹೆಡಗೇವಾರ್ ಅವರನ್ನೇ ಕೇಳಿದರು. ಸಂಘಕ್ಕೆ ಹೆಂಗಸರನ್ನು ಸೇರಿಸಲು ಹೆಡಗೇವಾರ್ ಒಪ್ಪಲಿಲ್ಲ. ಬೇರೆಯದೇ ಸಂಘಟನೆ ಮಾಡಿ, ವಿಚಾರ ಒಂದೇ ಇರಲಿ, ದಾರಿ ಸಮಾನಾಂತರವಾಗಿರಲಿ ಅಂದರು. 1936ರ ಅಕ್ಟೋಬರ್ 25ರಂದು, ವಿಜಯದಶಮಿಯ ದಿನ, ಸಮಿತಿ ಹುಟ್ಟಿತು.

ಈ ಘಟನೆಯನ್ನು ಎರಡು ರೀತಿಯಲ್ಲಿ ಓದಬಹುದು. ಬಾಗಿಲು ತಟ್ಟಿದ ಹೆಂಗಸಿಗೆ ಒಳಗೆ ಜಾಗ ಇಲ್ಲ ಅಂದರು, ಇದು ಒಂದು. ಒಳಗೆ ಜಾಗ ಸಿಗದಿದ್ದರಿಂದಲೇ ಆಕೆ ತಾನೇ ಮುಖ್ಯಸ್ಥೆಯಾಗಿರುವ ಸಂಘಟನೆ ಕಟ್ಟಿದಳು, ಇದು ಇನ್ನೊಂದು. ಎರಡೂ ನಿಜ. ಮುಂದಿನ ತೊಂಬತ್ತು ವರ್ಷವೂ ಈ ಎರಡೂ ಒಟ್ಟಿಗೇ ನಡೆದುಕೊಂಡು ಬಂದಿವೆ. ಸಮಿತಿಯಲ್ಲಿ ಮೇಲಿನಿಂದ ಕೆಳಗಿನವರೆಗೆ ಹೆಂಗಸರೇ ನಿರ್ಧಾರ ಮಾಡುತ್ತಾರೆ. ಮನೆ ಬಿಟ್ಟು, ಮದುವೆಯಾಗದೆ, ಪೂರ್ತಿ ಸಮಯ ಕೆಲಸ ಮಾಡುವ ಪ್ರಚಾರಿಕೆಯರಿದ್ದಾರೆ. ಹಾಗಿದ್ದೂ ವಿಚಾರದ ಗಡಿ ಎಲ್ಲಿ ಅನ್ನುವುದು 1936ಕ್ಕೆ ಮೊದಲೇ ನಿಶ್ಚಯವಾಗಿತ್ತು.

ಕೇಳ್ಕರ್ ಊರೂರು ಸುತ್ತಿದರು. ಹೇಗೆ ಗೊತ್ತಾ? ರಾಮಾಯಣ ಪ್ರವಚನ ಮಾಡುತ್ತಾ. ನನ್ನ ಪ್ರಕಾರ ಇಡೀ ಕಥೆಯ ಕೀಲಿ ಇಲ್ಲಿದೆ. ಒಬ್ಬ ವಿಧವೆ ರಾಜಕೀಯ ಭಾಷಣಕ್ಕೆ ಅಂತ ಊರೂರು ತಿರುಗಿದ್ದರೆ ಜನ ಏನೇನು ಆಡುತ್ತಿದ್ದರೋ. ರಾಮಾಯಣ ಹೇಳುತ್ತೇನೆ ಅಂದರೆ ಯಾರು ಬೇಡ ಅಂದಾರು? ಪ್ರವಚನ ಕೇಳಲು ಬಂದ ಹೆಂಗಸರನ್ನೂ ಮನೆಯವರು ತಡೆಯಲಿಲ್ಲ. ಮನೆಯಲ್ಲಿ ಜಗಳ ಆಡದೆ ಹೊಸಿಲು ದಾಟುವುದಕ್ಕೆ ಧರ್ಮದಷ್ಟು ಒಳ್ಳೆಯ ಕಾರಣ ನಮ್ಮ ಸಮಾಜದಲ್ಲಿ ಬೇರೆ ಇರಲಿಲ್ಲ. ಈಗಲೂ ಹೆಚ್ಚು ಇಲ್ಲ.

ಸಮಿತಿ ಇಟ್ಟುಕೊಂಡ ಆದರ್ಶಗಳು ಮೂರು. ಮಾತೃತ್ವಕ್ಕೆ ಜೀಜಾಬಾಯಿ, ಕರ್ತೃತ್ವಕ್ಕೆ ಅಹಲ್ಯಾಬಾಯಿ ಹೋಳ್ಕರ್, ನೇತೃತ್ವಕ್ಕೆ ಝಾನ್ಸಿಯ ಲಕ್ಷ್ಮೀಬಾಯಿ. ಮೂವರನ್ನೂ ಒಟ್ಟಿಗೆ ನೋಡಿ. ಜೀಜಾಬಾಯಿ ಪುಣೆಯಲ್ಲಿ ಶಿವಾಜಿಯನ್ನು ಬೆಳೆಸುತ್ತಿದ್ದಾಗ ಗಂಡ ಶಹಾಜಿ ಜಹಗೀರು ನೋಡಿಕೊಂಡು ನಮ್ಮ ಬೆಂಗಳೂರಿನಲ್ಲಿದ್ದರು. ಅಹಲ್ಯಾಬಾಯಿ ಆಡಳಿತ ಹಿಡಿದದ್ದು ಗಂಡ, ಮಾವ ಇಬ್ಬರೂ ತೀರಿಕೊಂಡ ಮೇಲೆ. ಲಕ್ಷ್ಮೀಬಾಯಿ ಕತ್ತಿ ಹಿಡಿದದ್ದೂ 1853ರಲ್ಲಿ ಗಂಡ ಸತ್ತ ನಂತರ. ಕಿತ್ತೂರು ಚೆನ್ನಮ್ಮನ ಕಥೆಯೂ ಹಾಗೇ. ಮನೆಯ ಗಂಡಸು ಇಲ್ಲದಾಗ ಹೆಂಗಸು ಸಿಂಹಿಣಿಯಾಗಬಹುದು, ಆಗಲೇಬೇಕು ಅನ್ನೋದು ಈ ಆದರ್ಶಗಳ ಒಳಗಿನ ಮಾತು. ಗಂಡಸು ಮನೆಯಲ್ಲೇ ಇದ್ದು, ಅವನ ಜೊತೆಗೇ ಭಿನ್ನಾಭಿಪ್ರಾಯ ಬಂದರೆ ಏನು ಮಾಡಬೇಕು? ಅದಕ್ಕೆ ಈ ಮೂರರಲ್ಲಿ ಮಾದರಿ ಸಿಗಲ್ಲ.

ಬೆಂಗಳೂರಿನ ವಿಷಯಕ್ಕೆ ಬರೋಣ. 2012ರಲ್ಲಿ ಸಮಿತಿಯ ಪ್ರಮುಖ ಸಂಚಾಲಿಕೆಯ ಸ್ಥಾನಕ್ಕೆ ಬಂದವರು ಇದೇ ಊರಿನ ವಿ. ಶಾಂತಾಕುಮಾರಿ. ಎಲ್ಲರ ಬಾಯಲ್ಲೂ ಶಾಂತಕ್ಕ. ನಾಗಪುರದಲ್ಲಿ ಕೇಂದ್ರ ಇರುವ, ಮರಾಠಿ ಮನೆಗಳಲ್ಲಿ ಬೆಳೆದ ಸಂಘಟನೆಯ ಚುಕ್ಕಾಣಿ ಕನ್ನಡದ ಹೆಣ್ಣುಮಗಳ ಕೈಗೆ ಬಂತು. ಅಷ್ಟು ದೊಡ್ಡ ಸಂಗತಿ ಬೆಂಗಳೂರಿನ ಪತ್ರಿಕೆಗಳಲ್ಲಿ ಸಣ್ಣ ಸುದ್ದಿಯಾಗಿ ಹೋಯಿತು. ಸಮಿತಿಗೂ ಪ್ರಚಾರದ ಹಂಬಲ ಕಮ್ಮಿ. ಅವರ ಕೆಲಸ ನಡೆಯುವುದು ಬಡಾವಣೆಗಳಲ್ಲಿ.

ಹಳೆಯ ಬಡಾವಣೆಯ ಯಾವುದೋ ಶಾಲೆಯ ಅಂಗಳ ಅಂತ ಇಟ್ಟುಕೊಳ್ಳಿ, ಇಲ್ಲವೇ ದೇವಸ್ಥಾನದ ಪಕ್ಕದ ಹಾಲ್. ಹತ್ತು ಹದಿನೈದು ಜನ. ಕೆಲಸದಿಂದ ನಿವೃತ್ತರಾದ ಟೀಚರ್, ಬ್ಯಾಂಕಿನವರು, ಕಾಲೇಜಿಗೆ ಹೋಗುವ ಒಂದಿಬ್ಬರು ಹುಡುಗಿಯರು. ಭಗವಾಧ್ವಜಕ್ಕೆ ಪ್ರಣಾಮ. ಯೋಗಾಸನ, ಒಂದಷ್ಟು ದಂಡ ಅಂದರೆ ಲಾಠಿಯ ಅಭ್ಯಾಸ, ಆಟ. ಅರವತ್ತು ದಾಟಿದವರೂ ಸೆರಗು ಸಿಕ್ಕಿಸಿಕೊಂಡು ಆಡುತ್ತಾರೆ, ನಗುತ್ತಾರೆ. ಆಮೇಲೆ ಒಂದು ಗೀತೆ, ಬೌದ್ಧಿಕ್ ಅನ್ನುವ ವಿಚಾರದ ಭಾಷಣ, ಪ್ರಾರ್ಥನೆ. ಯಾರಿಗೂ ಮೇಡಂ ಅನ್ನಲ್ಲ, ಅಕ್ಕ ಅನ್ನುತ್ತಾರೆ. ಮುಗಿದ ಮೇಲೆ ಚಪ್ಪಲಿ ಹಾಕಿಕೊಳ್ಳುವಾಗ ಶುರುವಾಗುವ ಮಾತು ಇನ್ನೂ ಅರ್ಧ ಗಂಟೆ. ಮಗಳ ಪಿಯುಸಿ, ಅತ್ತೆಯ ಮಂಡಿನೋವು, ಅಮೆರಿಕದಲ್ಲಿರುವ ಮಗ ಫೋನ್ ಮಾಡದೇ ಇರುವುದು. ಮುಂದಿನ ವಾರ ಒಬ್ಬರು ಬರಲಿಲ್ಲ ಅಂದರೆ ಯಾಕೆ ಬರಲಿಲ್ಲ ಅಂತ ಇಬ್ಬರು ಮನೆಗೇ ಹೋಗುತ್ತಾರೆ.

ಈ ಕೊನೆಯ ಮಾತನ್ನು ದಯವಿಟ್ಟು ಗಮನಿಸಿ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಐವತ್ತು ದಾಟಿದ ಎಷ್ಟು ಹೆಂಗಸರು ದಿನಪೂರ್ತಿ ಮಾತಿಗೆ ಜನ ಇಲ್ಲದೆ ಕೂತಿರುತ್ತಾರೆ! ಕಾಣದೇ ಹೋದರೆ ಹುಡುಕಿಕೊಂಡು ಬರುವವರಿದ್ದಾರೆ ಅನ್ನುವ ಧೈರ್ಯ ಸಣ್ಣದಲ್ಲ. ಲಾಠಿ ತಿರುಗಿಸುವ ಫೋಟೋ ಮಾತ್ರ ನೋಡಿದವರಿಗೆ ಇದು ಕಾಣಲ್ಲ. ಹೆಂಗಸರನ್ನು ಹಿಡಿದಿಟ್ಟುಕೊಳ್ಳುವುದು ಲಾಠಿಗಿಂತ ಜಾಸ್ತಿ ಈ ಅರ್ಧ ಗಂಟೆಯ ಮಾತು.

ನಮ್ಮೂರಿನ ಮಣ್ಣೂ ಇದಕ್ಕೆ ಹದವಾಗಿತ್ತು. ಬೆಂಗಳೂರಿನಲ್ಲಿ ಮಹಿಳಾ ಸೇವಾ ಸಮಾಜ ಶುರುವಾದದ್ದು 1913ರಲ್ಲಿ. ಆರ್. ಕಲ್ಯಾಣಮ್ಮ ಶಾರದಾ ಸ್ತ್ರೀ ಸಮಾಜ ಕಟ್ಟಿದರು, 'ಸರಸ್ವತಿ' ಅನ್ನುವ ಪತ್ರಿಕೆಯನ್ನು ಹತ್ತಾರು ವರ್ಷ ನಡೆಸಿದರು. ಅವರೂ ಬಾಲವಿಧವೆ. ಈ ಸಮಾಜಗಳಲ್ಲಿ ಹೊಲಿಗೆ, ಸಂಗೀತ, ಹಿಂದಿ ಪಾಠ, ನವರಾತ್ರಿಯ ಗೊಂಬೆ ಎಲ್ಲ ಇತ್ತು. ಅದರ ಜೊತೆಜೊತೆಗೇ ವಿಧವೆಯರ ಓದು, ಹುಡುಗಿಯರ ಓದು ಕೂಡ ನಡೆಯಿತು. ಮನೆಯವರಿಗೆ ಒಪ್ಪಿಗೆಯಾಗುವ ಕಾರಣ ಇಟ್ಟುಕೊಂಡು ಹೆಂಗಸರನ್ನು ಹೊರಗೆ ಕರೆಯುವ ಉಪಾಯ ಸಂಪ್ರದಾಯವಾದಿಗಳು ಕಂಡುಹಿಡಿದದ್ದಲ್ಲ. ಸುಧಾರಕರದ್ದೂ ಅದೇ ಉಪಾಯ. ಸುಧಾರಕರ ವಾರಸುದಾರರು ಅದನ್ನು ಬಿಟ್ಟರು, ಸಮಿತಿಯವರು ಬಿಡಲಿಲ್ಲ.

ಹಾಗಂತ ಎಲ್ಲ ಸಂಪ್ರದಾಯವಾದಿ ಮಹಿಳಾ ಸಂಘಟನೆಯೂ ಹೀಗೇ ಮೆಲ್ಲಗೆ ಬೆಳೆಯುತ್ತದೆ ಅಂತಲ್ಲ. ಸಿಡಿಲಿನ ಹಾಗೆ ಬಂದು ಹೋಗುವುದೂ ಉಂಟು. ಅದನ್ನು ನೋಡಲು ಬೆಂಗಳೂರಿಗಿಂತ ಒಳ್ಳೆಯ ಜಾಗ ಇಲ್ಲ. 1996 ನೆನಪಿದೆಯಾ?

ಆ ವರ್ಷ ಮಿಸ್ ವರ್ಲ್ಡ್ ಸ್ಪರ್ಧೆ ಬೆಂಗಳೂರಿಗೆ ಬಂತು. ನಡೆಸಿದ್ದು ಅಮಿತಾಭ್ ಬಚ್ಚನ್ ಅವರ ಎಬಿಸಿಎಲ್ ಕಂಪನಿ. ಜಾಗ ಚಿನ್ನಸ್ವಾಮಿ ಸ್ಟೇಡಿಯಂ, ದಿನ ನವೆಂಬರ್ 23. ಮುಖ್ಯಮಂತ್ರಿ ಜೆ.ಎಚ್. ಪಟೇಲರು ಸ್ಪರ್ಧೆಯ ಪರ ನಿಂತರು. ಎರಡು ವರ್ಷದ ಹಿಂದಷ್ಟೇ ಸುಶ್ಮಿತಾ ಸೇನ್, ಐಶ್ವರ್ಯಾ ರೈ ಕಿರೀಟ ಗೆದ್ದಿದ್ದರು. ಮಾರುಕಟ್ಟೆ ತೆರೆದು ಐದು ವರ್ಷ ಆಗಿತ್ತು. ಬ್ರಿಗೇಡ್ ರಸ್ತೆಯ ಕೆಎಫ್‌ಸಿ ಮೇಲೆ ರೈತ ಸಂಘದವರು ದಾಳಿ ಮಾಡಿದ್ದೂ ಅದೇ ವರ್ಷದ ಆರಂಭದಲ್ಲಿ. ಊರು ಮೊದಲೇ ಕಾದಿತ್ತು.

ಆಗ ಮಹಿಳಾ ಜಾಗರಣ ಸಮಿತಿ ಅನ್ನುವ ಗುಂಪು ಎದ್ದು ನಿಂತಿತು. ಇದು ಭಾರತೀಯ ಸಂಸ್ಕೃತಿಗೆ ಅವಮಾನ, ಸ್ಪರ್ಧೆ ನಡೆದರೆ ನಮ್ಮ ಹೆಂಗಸರು ಸ್ಟೇಡಿಯಂ ಒಳಗೇ ಬೆಂಕಿ ಹಚ್ಚಿಕೊಳ್ಳುತ್ತಾರೆ ಅಂತ ಘೋಷಿಸಿತು. ಪ್ರಪಂಚದ ಟಿವಿಯೆಲ್ಲ ಬೆಂಗಳೂರಿನ ಕಡೆ ತಿರುಗಿತು. ಮದುರೈನಲ್ಲಿ ಸ್ಪರ್ಧೆ ವಿರೋಧಿಸಿ ಯುವಕನೊಬ್ಬ ಬೆಂಕಿ ಹಚ್ಚಿಕೊಂಡು ಸತ್ತೇಹೋದ. ಈಜುಡುಗೆಯ ಸುತ್ತು ಸೇಶೆಲ್ಸ್ ದ್ವೀಪಕ್ಕೆ ಹೋಯಿತು. ಸಾವಿರಾರು ಪೊಲೀಸರ ಕಾವಲಿನಲ್ಲಿ ಫೈನಲ್ ನಡೆಯಿತು, ಗ್ರೀಸ್‌ನ ಐರೀನ್ ಸ್ಕ್ಲಿವಾ ಗೆದ್ದರು.

ಆ ಬೀದಿಗಳಲ್ಲಿ ಸಂಸ್ಕೃತಿ ಉಳಿಸಿ ಅನ್ನುವವರು ಮಾತ್ರ ಇರಲಿಲ್ಲ. ಎಡಪಂಥದ ಮಹಿಳಾ ಸಂಘಟನೆಗಳಿದ್ದವು, ಬೆಂಗಳೂರಿನದೇ ಆದ ವಿಮೋಚನಾ ಇತ್ತು. ಹೆಣ್ಣಿನ ಮೈಯನ್ನು ಕಂಪನಿಗಳು ಸರಕು ಮಾರಲು ಬಳಸುತ್ತಿವೆ ಅನ್ನೋದು ಇವರ ಸಿಟ್ಟು. ಹೆಣ್ಣಿನ ಮೈ ಕಾಣಬಾರದು ಅನ್ನೋದು ಅವರ ಸಿಟ್ಟು. ಎರಡರ ನಡುವೆ ಆಕಾಶ ಭೂಮಿಯಷ್ಟು ಅಂತರ ಇದೆ. ಆದರೆ ಟಿವಿಯಲ್ಲಿ ಎಲ್ಲ ಒಂದೇ ಆಗಿ ಕಂಡಿತು, ಬೆಂಕಿಯ ಮಾತಾಡಿದವರೇ ಜಾಸ್ತಿ ಕಂಡರು. ಮಾರುಕಟ್ಟೆಯ ವಿರುದ್ಧ ಹೆಂಗಸರು ಎತ್ತಿದ ಗಂಭೀರವಾದ ಪ್ರಶ್ನೆ ಆ ಗದ್ದಲದಲ್ಲಿ ಮುಳುಗಿಹೋದದ್ದು ನನಗೆ ಈಗಲೂ ನೋವಿನ ವಿಷಯ.

ಆಮೇಲೆ ಆ ಜಾಗರಣ ಸಮಿತಿ ಏನಾಯಿತು? ಸ್ಪರ್ಧೆ ಮುಗಿಯಿತು, ಅದರ ಹೆಸರೂ ಸುದ್ದಿಯಿಂದ ಮರೆಯಾಯಿತು. ಒಂದು ಘಟನೆಯನ್ನು ನಂಬಿ ಎದ್ದ ಗುಂಪಿಗೆ ಘಟನೆ ಮುಗಿದ ಮೇಲೆ ವಾರದ ಭೇಟಿ ಇರಲಿಲ್ಲ, ಹುಡುಕಿಕೊಂಡು ಬರುವ ಅಕ್ಕಂದಿರಿರಲಿಲ್ಲ. ಸೇವಿಕಾ ಸಮಿತಿ ಮಾತ್ರ ತನ್ನ ಪಾಡಿಗೆ ನಡೆಯುತ್ತಲೇ ಇತ್ತು. ಈ ಮಧ್ಯೆ 1991ರಲ್ಲಿ ವಿಶ್ವ ಹಿಂದೂ ಪರಿಷತ್ತಿನ ದುರ್ಗಾ ವಾಹಿನಿ ಬಂದಿತ್ತು. ರಾಮಜನ್ಮಭೂಮಿ ಚಳವಳಿಯ ಕಾವಿನಲ್ಲಿ ಹುಟ್ಟಿದ, ಯುವತಿಯರ, ಬಿರುಸಿನ ಸಂಘಟನೆ ಅದು. ಅದರ ಧಾಟಿಯೇ ಬೇರೆ.

ಇದು ನಮ್ಮ ದೇಶದ ವಿಶೇಷ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ 1972ರ ಮಾರ್ಚ್‌ನಲ್ಲಿ ಅಲ್ಲಿನ ಸಂಸತ್ತು ಹೆಣ್ಣು ಗಂಡಿಗೆ ಸಮಾನ ಹಕ್ಕು ಕೊಡುವ ಸಂವಿಧಾನ ತಿದ್ದುಪಡಿಯನ್ನು ಪಾಸು ಮಾಡಿತು. 38 ರಾಜ್ಯಗಳು ಒಪ್ಪಿದ್ದರೆ ಸಾಕಿತ್ತು. ಎಲ್ಲರೂ ಇದು ಆಗೇಹೋಯಿತು ಅಂದುಕೊಂಡಿದ್ದರು. ಆಗ ಆರು ಮಕ್ಕಳ ತಾಯಿ ಫಿಲಿಸ್ ಶ್ಲಾಫ್ಲಿ ಅದನ್ನು ತಡೆಯಲು ಹೆಂಗಸರನ್ನೇ ಕಟ್ಟಿದರು. ಈ ಕಾನೂನು ಬಂದರೆ ಗೃಹಿಣಿಗೆ ಈಗಿರುವ ರಕ್ಷಣೆಯೂ ಹೋಗುತ್ತದೆ ಅಂತ ವಾದಿಸಿದರು. ಇಲಿನಾಯ್ ರಾಜ್ಯದ ಶಾಸಕರಿಗೆ ಅವರ ಕಡೆಯ ಹೆಂಗಸರು ಮನೆಯಲ್ಲೇ ಮಾಡಿದ ಬ್ರೆಡ್ಡು, ಜಾಮ್ ಕೊಟ್ಟು ವೋಟು ಕೇಳಿದರು. ತಿದ್ದುಪಡಿ 35 ರಾಜ್ಯಕ್ಕೇ ನಿಂತಿತು. 1982ಕ್ಕೆ ಗಡುವೂ ಮುಗಿಯಿತು. ಹೆಣ್ಣಿನ ಜಾಗ ಮನೆ ಅಂದ ಶ್ಲಾಫ್ಲಿ ಎರಡು ಸಲ ಸಂಸತ್ತಿಗೆ ಸ್ಪರ್ಧಿಸಿದ್ದವರು, ಹೋರಾಟದ ನಡುವೆಯೇ ಲಾ ಓದಿದವರು. 1979ರಲ್ಲಿ ಸ್ಯಾನ್ ಡಿಯಾಗೋದಲ್ಲಿ ಬೆವರ್ಲಿ ಲಹೇ ಕಟ್ಟಿದ ಸಂಘಟನೆ ಸಣ್ಣಸಣ್ಣ ಪ್ರಾರ್ಥನಾ ಗುಂಪುಗಳ ಮೂಲಕ ಊರೂರಿಗೆ ಹಬ್ಬಿತು. ಅಲ್ಲಿ ಬೈಬಲ್, ಇಲ್ಲಿ ರಾಮಾಯಣ. ನಮ್ಮಲ್ಲೇ 2018ರಲ್ಲಿ ತ್ರಿವಳಿ ತಲಾಖ್ ಮಸೂದೆ ಬೇಡ ಅಂತ ಬುರ್ಖಾ ಹಾಕಿದ ಸಾವಿರಾರು ಹೆಂಗಸರು ಹಲವು ಊರುಗಳಲ್ಲಿ ಮೆರವಣಿಗೆ ಮಾಡಿದರು. ಅದೇ ವರ್ಷ ಎಲ್ಲ ವಯಸ್ಸಿನ ಹೆಂಗಸರಿಗೂ ಪ್ರವೇಶ ಕೊಟ್ಟ ಶಬರಿಮಲೆ ತೀರ್ಪಿನ ವಿರುದ್ಧ ಕೇರಳದಲ್ಲಿ ನಾಮಜಪ ಮಾಡುತ್ತಾ ರಸ್ತೆಗಿಳಿದವರಲ್ಲೂ ಹೆಂಗಸರೇ ಮುಂದೆ. ವಯಸ್ಸಾಗುವವರೆಗೆ ಕಾಯುತ್ತೇವೆ, ಆದರೆ ಸಂಪ್ರದಾಯ ಮುರಿಯಲ್ಲ ಅಂದರು. ಆ ಪೀಠದ ಐವರಲ್ಲಿ ತೀರ್ಪಿಗೆ ಭಿನ್ನಮತ ಬರೆದ ಏಕೈಕ ನ್ಯಾಯಮೂರ್ತಿಯೂ ಹೆಂಗಸೇ, ಇಂದು ಮಲ್ಹೋತ್ರಾ. ಇವರಿಗೆಲ್ಲ ಸ್ವಂತ ಬುದ್ಧಿ ಇಲ್ಲ ಅನ್ನುವುದು ತಪ್ಪು, ಅಹಂಕಾರ ಕೂಡ.

ಅವರ ಬುದ್ಧಿಯನ್ನು ಗೌರವಿಸಿಯೇ ನಾನು ಒಂದು ಪ್ರಶ್ನೆ ಕೇಳುತ್ತೇನೆ. ಮನೆ ಮತ್ತು ಹೆಂಗಸು ಎದುರುಬದುರಾದ ದಿನ ಸಂಘಟನೆ ಯಾರ ಕಡೆ ನಿಲ್ಲುತ್ತದೆ?

ದೇವನಹಳ್ಳಿ, ಆನೇಕಲ್ ಕಡೆಯ ಯಾವುದಾದರೂ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಒಂದು ಬೆಳಗ್ಗೆ ಕೂತು ನೋಡಿ. ಅಪ್ಪನ ಜಮೀನಿಗೆ ಈಗ ಕೋಟಿಗಳ ಬೆಲೆ. ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ಕಾರಿನಲ್ಲಿ ಕರೆತರುತ್ತಾರೆ. ಒಳ್ಳೆಯ ಸೀರೆ ಉಟ್ಟಿರುತ್ತಾರೆ, ಬೆಳಗ್ಗೆ ತಿಂಡಿಗೆ ಹೋಟೆಲಿಗೂ ಕರೆದುಕೊಂಡು ಹೋಗಿರುತ್ತಾರೆ. ಹಕ್ಕು ಬಿಡುಗಡೆ ಪತ್ರ ರೆಡಿ ಇರುತ್ತದೆ. ಅರಿಶಿನ ಕುಂಕುಮಕ್ಕೆ ಅಂತ ಒಂದು ಮೊತ್ತ ಬರೆದಿರುತ್ತಾರೆ. ಹೆಬ್ಬೆಟ್ಟು, ಫೋಟೋ, ಸಹಿ. ಹತ್ತು ನಿಮಿಷದಲ್ಲಿ ಮುಗಿಯಿತು. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟಿತ್ತು, ಆದರೆ ಆಗಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತ್ತು. 2005ರಲ್ಲಿ ಇಡೀ ದೇಶಕ್ಕೆ ಕಾನೂನು ಬಂತು. 2020ರಲ್ಲಿ ಸುಪ್ರೀಂ ಕೋರ್ಟ್, ಮಗಳಿಗೆ ಹುಟ್ಟಿನಿಂದಲೇ ಹಕ್ಕು, 2005ರಲ್ಲಿ ಅಪ್ಪ ಬದುಕಿರಬೇಕು ಅಂತೇನಿಲ್ಲ ಅಂತ ಸ್ಪಷ್ಟ ಮಾಡಿತು. ಆದರೂ ಸಹಿ ಹಾಕುವವರು ಹಾಕುತ್ತಲೇ ಇದ್ದಾರೆ. ಹಾಕದಿದ್ದರೆ ತವರಿನ ಬಾಗಿಲು ಮುಚ್ಚುತ್ತದೆ ಅನ್ನುವ ಭಯ.

ಕುಟುಂಬ ಒಡೆಯಬಾರದು ಅನ್ನೋದು ಸಂಪ್ರದಾಯವಾದಿ ಸಂಘಟನೆಗಳ ಮೊದಲ ಮಾತು. ಕುಟುಂಬ ಪ್ರಬೋಧನ ಅನ್ನುವ ಕಾರ್ಯಕ್ರಮವನ್ನೇ ಸಂಘ ಇಟ್ಟುಕೊಂಡಿದೆ. ಒಳ್ಳೆಯ ಮಾತೇ. ಯಾರಿಗೆ ಬೇಕು ಒಡೆದ ಮನೆ? ಆದರೆ ಕುಟುಂಬ ಒಡೆಯಬಾರದು ಅಂದಾಗ ಬಿಟ್ಟುಕೊಡುವವರು ಯಾರು ಅಂತ ಲೆಕ್ಕ ಹಾಕಿದರೆ ಬಹುತೇಕ ಸಲ ಅದು ಅಕ್ಕತಂಗಿಯರೇ. ಪಾಲು ಕೊಟ್ಟು ಕುಟುಂಬ ಉಳಿಸಿಕೊಳ್ಳಿ ಅಂತ ಅಣ್ಣಂದಿರಿಗೆ ಬುದ್ಧಿ ಹೇಳುವ ಅಭಿಯಾನ ಬಡಾವಣೆ ಬಡಾವಣೆಯಲ್ಲಿ ನಡೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ನಡೆಸುವ ಶಕ್ತಿ ಇವರಿಗಿದೆ, ಮನೆಮನೆಯ ಪರಿಚಯ ಇವರಿಗಿದೆ. ಅದಕ್ಕೇ ಕೇಳುತ್ತಿದ್ದೇನೆ.

ಮದುವೆಯೊಳಗಿನ ಅತ್ಯಾಚಾರದ ವಿಷಯವೂ ಹಾಗೇ. 2022ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್, ಗಂಡ ಅನ್ನುವ ಕಾರಣಕ್ಕೆ ಅತ್ಯಾಚಾರದ ಆರೋಪದಿಂದ ವಿನಾಯಿತಿ ಕೊಡಲು ಒಪ್ಪಲಿಲ್ಲ. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿದೆ. ಇದನ್ನು ಅಪರಾಧ ಮಾಡಿದರೆ ಮದುವೆಯ ವ್ಯವಸ್ಥೆಗೇ ಪೆಟ್ಟು ಅಂತ ಕೇಂದ್ರ ಸರ್ಕಾರ 2024ರಲ್ಲಿ ವಾದಿಸಿತು. ವ್ಯವಸ್ಥೆಗೆ ಬೀಳುವ ಪೆಟ್ಟಿನ ಬಗ್ಗೆ ಮಾತಾಡುವವರು ಮಲಗುವ ಕೋಣೆಯಲ್ಲಿ ಪೆಟ್ಟು ತಿಂದವಳ ಬಗ್ಗೆಯೂ ಮಾತಾಡಲೇಬೇಕು. ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆಯ ತರಬೇತಿ ಕೊಡುವ ಸಂಘಟನೆಗೆ ಈ ಜವಾಬ್ದಾರಿ ಇನ್ನೂ ಜಾಸ್ತಿ. ಅಪಾಯ ಬೀದಿಯಲ್ಲಿ ಮಾತ್ರ ಇರುತ್ತದೆ ಅಂತ ಇಪ್ಪತ್ತರ ಹುಡುಗಿ ನಂಬಿದರೆ ಅವಳಿಗೆ ಅರ್ಧ ತರಬೇತಿ ಮಾತ್ರ ಸಿಕ್ಕಂತೆ.

ಈ ಕಡೆಯವರಿಗೂ ಒಂದು ಮಾತು. ವಿಮೋಚನಾದಂಥ ಸಂಘಟನೆಗಳು ನಲವತ್ತಕ್ಕೂ ಹೆಚ್ಚು ವರ್ಷ ವರದಕ್ಷಿಣೆ ಸಾವುಗಳ ಬೆನ್ನುಹತ್ತಿವೆ, ಸುಟ್ಟಗಾಯದ ವಾರ್ಡಿನಲ್ಲಿ ಮಲಗಿದವಳ ಪಕ್ಕ ನಿಂತಿವೆ. ಅದಕ್ಕೆ ಈ ಊರು ಋಣಿಯಾಗಿರಬೇಕು. ಆದರೆ ಅವರ ಬಾಗಿಲಿಗೆ ಹೆಂಗಸು ಬರುವುದು ಕಷ್ಟ ಬಂದ ಮೇಲೆ. ಕಷ್ಟ ಬರುವ ಮೊದಲು, ಸುಮ್ನೆ ಒಂದು ಸಂಜೆ ಹೋಗಿ ಕೂರಲು, ಹಾಡಲು, ನಗಲು ಆಕೆಗೆ ಜಾಗ ಬೇಕಲ್ಲ? ಶಕ್ತಿ ಯೋಜನೆಯ ಉಚಿತ ಬಸ್ಸು 2023ರ ಜೂನ್‌ನಲ್ಲಿ ಶುರುವಾದಾಗ ಧರ್ಮಸ್ಥಳದ ಬಸ್ಸುಗಳು ಹೇಗೆ ತುಂಬಿದವು ಅಂತ ಎಲ್ಲರೂ ನೋಡಿದ್ದೇವೆ. ಗೆಳತಿಯರ ಜೊತೆ ಹೊರಗೆ ಹೋಗಬೇಕು ಅನ್ನುವ ಆಸೆ ಅಷ್ಟು ದಿನ ಒಳಗೇ ಕೂತಿತ್ತು. ಆ ಆಸೆಗೆ ವಾರವಾರ ಜಾಗ ಕೊಟ್ಟವರ ಮಾತನ್ನೇ ಹೆಂಗಸರು ಕೇಳುತ್ತಾರೆ. ಭಜನಾ ಮಂಡಳಿ ಇದೆ, ಲಲಿತಾ ಸಹಸ್ರನಾಮದ ಗುಂಪು ಇದೆ, ಶಾಖೆ ಇದೆ. ಸಮಾನತೆಯ ಮಾತಾಡುವವರ ವಾರದ ಭೇಟಿ ನಮ್ಮ ಬಡಾವಣೆಗಳಲ್ಲಿ ಎಲ್ಲಿದೆ?

ಈ ಪ್ರಶ್ನೆಗೆ ಈಗ ಇನ್ನೊಂದು ಕಾರಣಕ್ಕೂ ತೂಕ ಬಂದಿದೆ. ಮಹಿಳಾ ಮೀಸಲಾತಿ ಮಸೂದೆಯನ್ನು ಮೊದಲು ಮಂಡಿಸಿದ್ದು ದೇವೇಗೌಡರ ಸರ್ಕಾರ, 1996ರ ಸೆಪ್ಟೆಂಬರ್‌ನಲ್ಲಿ. ಮಿಸ್ ವರ್ಲ್ಡ್ ಗಲಾಟೆಗೆ ಬರೀ ಎರಡು ತಿಂಗಳ ಮುಂಚೆ. ಕಿರೀಟದ ಬಗ್ಗೆ ಆದಷ್ಟು ಚರ್ಚೆ ಆ ಕುರ್ಚಿಗಳ ಬಗ್ಗೆ ಆಗಲಿಲ್ಲ. ಮಸೂದೆ ಪಾಸಾಗಲು 2023 ಬರಬೇಕಾಯಿತು. ಆಗಿನ ಕಾಯ್ದೆ ಪ್ರಕಾರ ಜನಗಣತಿ, ಕ್ಷೇತ್ರ ಮರುವಿಂಗಡಣೆ ಆದ ಮೇಲೆ ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದರಷ್ಟು ಸ್ಥಾನ ಹೆಂಗಸರಿಗೆ. ಈಗಿರುವ 224ರ ಲೆಕ್ಕದಲ್ಲೇ ನೋಡಿದರೂ ನಮ್ಮ ವಿಧಾನಸಭೆಯಲ್ಲಿ ಸುಮಾರು 75 ಶಾಸಕಿಯರು ಕೂರಬೇಕು.

ಅಷ್ಟು ಹೆಂಗಸರು ಎಲ್ಲಿಂದ ಬರುತ್ತಾರೆ? ಒಂದಷ್ಟು ಜನ ಶಾಸಕರ ಹೆಂಡತಿಯರು, ಮಗಳಂದಿರು. ಒಂದಷ್ಟು ಜನ ಪಂಚಾಯ್ತಿಯಿಂದ ಬೆಳೆದವರು. ಕರ್ನಾಟಕ 1987ರ ಪಂಚಾಯ್ತಿ ಚುನಾವಣೆಯಲ್ಲೇ ಹೆಂಗಸರಿಗೆ ಕಾಲುಭಾಗ ಕೊಟ್ಟ ರಾಜ್ಯ, ಈಗ ಅರ್ಧ ಕೊಡುತ್ತಿದೆ. ಇನ್ನೊಂದಷ್ಟು ಜನ ಶಾಖೆಯ ಅಂಗಳದಲ್ಲಿ ನಾಲ್ಕು ಜನರ ಮುಂದೆ ಮಾತಾಡಲು ಕಲಿತವರು, ಹೆದರದೆ ಮನೆಮನೆಯ ಬಾಗಿಲು ತಟ್ಟಿ ಅಭ್ಯಾಸ ಇರುವವರು. ಅವರು ವೋಟು ಕೇಳಿಕೊಂಡು ಬಂದಾಗ ಸಂಸ್ಕೃತಿ, ಕುಟುಂಬ, ಮಾತೃಶಕ್ತಿ ಅಂತ ಚೆನ್ನಾಗಿ ಮಾತಾಡುತ್ತಾರೆ. ಕೇಳಿಸಿಕೊಳ್ಳಿ. ಆಮೇಲೆ ಹಕ್ಕು ಬಿಡುಗಡೆ ಪತ್ರದ ಬಗ್ಗೆ ಕೇಳಿ. ಬೇರೆ ಜಾತಿಯವನನ್ನು ಮದುವೆಯಾದ ಮಗಳು ರಕ್ಷಣೆ ಕೇಳಿಕೊಂಡು ಬಂದರೆ ಏನು ಮಾಡುತ್ತೀರಿ ಅಂತ ಕೇಳಿ. ಇದೇ ಪ್ರಶ್ನೆಯನ್ನು ಬೇರೆ ಪಕ್ಷದ ಹೆಂಗಸರಿಗೂ ಕೇಳಿ, ಅವರ ಜೊತೆ ಬಂದು ಪಕ್ಕದಲ್ಲಿ ನಿಂತಿರುವ ಗಂಡಸರಿಗೂ ಕೇಳಿ.